ಚಾದರ್‌ಘಾಟ್ ಹೈಸ್ಕೂಲಿನ ಮೇಷ್ಟ್ರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಬಗ್ಗೆ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದಾಗ, ವಿಜ್ಞಾನಿಯೊಬ್ಬರ ಬಗ್ಗೆಯೋ ಕಂಪ್ಯೂಟರ್ ಕ್ಷೇತ್ರದವರೊಬ್ಬರ ಬಗ್ಗೆಯೋ ಬರೆದುಕೊಡುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೆ ನನ್ನ ಮನಸ್ಸಿನಲ್ಲಿದ್ದವರು ಹೈದರಾಬಾದಿನ ಒಬ್ಬ ಹೈಸ್ಕೂಲ್ ಮೇಷ್ಟ್ರು, ಸೈಯದ್ ಅಬ್ದುಲ್ ರಹೀಂ. ಭಾರತದ ಫುಟ್‌ಬಾಲ್ ತಂಡ ಏಷ್ಯಾದಲ್ಲಿ ಎರಡು ಸಲ ಚಿನ್ನ ಗೆದ್ದಿದೆ. ಎರಡು ಸಲವೂ ತಂಡದ ತರಬೇತುದಾರರು ಇವರೇ. ಶಾಲೆಯ ಸಂಚಿಕೆಗೆ ಶಾಲಾ ಮೇಷ್ಟ್ರ ಕಥೆಗಿಂತ ಹೊಂದುವುದು ಇನ್ನೇನಿದೆ?

ನಮ್ಮ ದೇವನಹಳ್ಳಿ ಫುಟ್‌ಬಾಲಿನ ಊರಲ್ಲ. ನಮ್ಮ ಕಾಲದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಇದ್ದವು. ಸಂಜೆ ಕೋಟೆಯ ಕಡೆ ಹೋದರೆ ಎಲ್ಲೆಲ್ಲೂ ಕ್ರಿಕೆಟ್. ಆದರೆ ಇಲ್ಲಿಂದ ಮೂವತ್ತೈದು ನಲವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನ ದಂಡು ಪ್ರದೇಶದಲ್ಲಿ, ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಶಿವಾಜಿನಗರಗಳಲ್ಲಿ ಒಂದು ಕಾಲಕ್ಕೆ ಬೀದಿಗೊಬ್ಬ ಫುಟ್‌ಬಾಲ್ ಆಟಗಾರ ಇದ್ದ ಎಂದರೆ ಹೆಚ್ಚಲ್ಲ. ಬ್ರಿಟಿಷ್ ಸೈನಿಕರ ತಂಡಗಳ ಎದುರು ಆಡಿ ಕಲಿತವರು ಅವರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿಯವರೆಗೆ ಆ ಕಪ್ ಬಿಳಿಯರ ಪಟಾಲಮ್ಮುಗಳ ಸ್ವತ್ತಾಗಿತ್ತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ 1946ರಲ್ಲೂ 1952ರಲ್ಲೂ ಬಂಗಾಳವನ್ನೇ ಸೋಲಿಸಿತು. ಇವತ್ತಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ರಹೀಂ ಸಾಹೇಬರ ಕಥೆಯಲ್ಲಿ ಈ ಬೆಂಗಳೂರಿನ ಹುಡುಗರು ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಮೊದಲಿಗೆ ಇಷ್ಟು ಹೇಳಿದೆ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಅದರೊಳಗೇ ಇದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಒಳ್ಳೆಯ ಆಟಗಾರ ಎನಿಸಿಕೊಂಡರು. ಊರಿನ ಹೆಸರಾಂತ ಕಮರ್ ಕ್ಲಬ್ಬಿಗೆ ಆಡಿದರು. ಓದು ಮುಗಿದ ಮೇಲೆ ಹಿಡಿದದ್ದು ಮೇಷ್ಟ್ರ ಕೆಲಸ. ಕಾಚಿಗುಡ ಮಿಡ್ಲ್ ಸ್ಕೂಲ್, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ಹಲವು ಕಡೆ ಪಾಠ ಮಾಡಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟದ ಜವಾಬ್ದಾರಿಯನ್ನೂ ಹೊತ್ತರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಿ.ಟಿ. ಮೇಷ್ಟ್ರು.

1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ ಅವರು ಸಾಯುವವರೆಗೂ ಆ ಹೊಣೆ ಬಿಡಲಿಲ್ಲ. ಈ ಹುದ್ದೆಯಲ್ಲಿ ಅವರು ಮಾಡಿದ ಕೆಲಸ ನನಗೆ ಅವರ ಚಿನ್ನದ ಪದಕಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಹುಡುಗರಿಗೆ ಒಂದು ದೊಡ್ಡ ರೋಗವಿತ್ತು. ಚೆಂಡು ಕಾಲಿಗೆ ಸಿಕ್ಕರೆ ಬಿಡುವವರಲ್ಲ. ಒಬ್ಬನನ್ನು ದಾಟಿಸಿ, ಇನ್ನೊಬ್ಬನನ್ನು ದಾಟಿಸಿ, ನೋಡುವವರಿಂದ ಚಪ್ಪಾಳೆ ಗಿಟ್ಟಿಸಿ, ಕೊನೆಗೆ ಮೂರನೆಯವನ ಕಾಲಿಗೆ ಚೆಂಡು ಒಪ್ಪಿಸುವುದು. ರಹೀಂ ಬೈದು ಕೂರಲಿಲ್ಲ. ಚೆಂಡನ್ನು ಹೊಸಕುತ್ತಾ ಒಯ್ಯುವಂತೆಯೇ ಇಲ್ಲ, ಕಾಲಿಗೆ ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಬಲಗಾಲಿನವನು ಎಡಗಾಲಿನಲ್ಲೇ ಆಡಬೇಕೆಂಬ ಪಂದ್ಯಗಳನ್ನೂ ಇಟ್ಟರು. ನಿಯಮ ಬದಲಾಯಿಸಿದರೆ ಅಭ್ಯಾಸ ತಾನಾಗಿ ಬದಲಾಗುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ನೂರು ಸಲ ಹೇಳಿದರೂ ಕೇಳದ ಹುಡುಗ ಒಂದು ಆಟ ಸೋತರೆ ಕಲಿಯುತ್ತಾನಲ್ಲವೇ?

ಹೈದರಾಬಾದ್ ಸಿಟಿ ಪೊಲೀಸ್ ತಂಡ ಬೆಂಗಳೂರಿಗೆ ಹೊಸದೇನಲ್ಲ. 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಆ ಪೊಲೀಸರು ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿದ್ದರು. ಎದುರು ಆಡಿದವರಲ್ಲಿ ಇಂಗ್ಲೆಂಡಿನ ಖ್ಯಾತ ಕ್ರಿಕೆಟಿಗ, ಫುಟ್‌ಬಾಲಿಗ ಡೆನಿಸ್ ಕಾಂಪ್ಟನ್ ಕೂಡ ಇದ್ದರು. 1950ರಲ್ಲಿ ಈ ಪೊಲೀಸ್ ತಂಡ ರಹೀಂ ಕೈಗೆ ಬಂತು. ಆಮೇಲೆ ನಡೆದದ್ದು ಭಾರತದ ಫುಟ್‌ಬಾಲಿನಲ್ಲಿ ಅದಕ್ಕೆ ಮುಂಚೆ ಕಾಣದ್ದು. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್. 1950ರಲ್ಲೇ ಕಲ್ಕತ್ತದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್. 1956-57ರಲ್ಲಿ, ಮತ್ತೆ 1957-58ರಲ್ಲಿ ಹೈದರಾಬಾದಿಗೆ ಸಂತೋಷ್ ಟ್ರೋಫಿ. ಕಲ್ಕತ್ತ ಬಿಟ್ಟರೆ ಫುಟ್‌ಬಾಲಿಲ್ಲ ಎನ್ನುತ್ತಿದ್ದ ಕಾಲದಲ್ಲಿ, ಹಗಲು ಡ್ಯೂಟಿ ಮಾಡುವ ಪೊಲೀಸರನ್ನು ಕಟ್ಟಿಕೊಂಡು ಒಬ್ಬ ಶಾಲಾ ಮೇಷ್ಟ್ರು ಮಾಡಿದ ಕೆಲಸ ಇದು.

ಅಷ್ಟರಲ್ಲಿ ರಾಷ್ಟ್ರೀಯ ತಂಡದ ಹೊಣೆಯೂ ಅವರ ಹೆಗಲಿಗೇರಿತ್ತು. ಅದಕ್ಕೂ ಮುಂಚೆ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಿತ್ತು. ಸಿಕ್ಕ ಎರಡು ಪೆನಾಲ್ಟಿಗಳನ್ನು ಕೈಚೆಲ್ಲದಿದ್ದರೆ ಗೆಲ್ಲುತ್ತಿದ್ದ ಪಂದ್ಯ. ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಗೋಲು ಕಾದವರು ನಮ್ಮ ವರದರಾಜ್, ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ಪಂಚಪಾಂಡವರಲ್ಲಿ ಒಬ್ಬರೆಂದು ಕಲ್ಕತ್ತದವರು ತಲೆ ಮೇಲೆ ಹೊತ್ತು ಮೆರೆಸಿದ್ದು ಇವರನ್ನೇ.

1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಂಡೊನೇಷ್ಯಾ ಮೇಲೆ 3-0, ಅಫ್ಘಾನಿಸ್ತಾನದ ಮೇಲೆ 3-0, ಫೈನಲ್‌ನಲ್ಲಿ ಇರಾನ್ ಮೇಲೆ ಮೇವಾಲಾಲ್ ಹೊಡೆದ ಒಂದೇ ಗೋಲು. ಭಾರತಕ್ಕೆ ಚಿನ್ನ. ಮರುವರ್ಷ, 1952ರ ಜುಲೈಯಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯಾ. ಚಳಿ, ಒದ್ದೆ ಹುಲ್ಲು, ಬರಿಗಾಲು. ಹತ್ತು ಗೋಲು ಬಿದ್ದವು. ನಮ್ಮ ಕಡೆಯಿಂದ ಒಂದು, ಅದೂ ಪಂದ್ಯ ಮುಗಿಯುವ ಹೊತ್ತಿಗೆ, ಅಹ್ಮದ್ ಖಾನ್ ಅವರದು.

ಏಷ್ಯಾದ ಚಾಂಪಿಯನ್ ಎನಿಸಿದ ಮರುವರ್ಷವೇ 1-10. ಈಗಿನ ಕಾಲವಾಗಿದ್ದರೆ ಕೋಚ್ ವಿಮಾನ ಇಳಿಯುವ ಮುಂಚೆಯೇ ಕೆಲಸ ಹೋಗಿರುತ್ತಿತ್ತು. ನಮ್ಮ ವೃತ್ತಿಯಲ್ಲಿ ಒಂದು ದೊಡ್ಡ ವ್ಯವಸ್ಥೆ ಕುಸಿದುಬಿದ್ದರೆ ಮಾರನೇ ದಿನ ಎಲ್ಲರೂ ಕೂತು ಯಾಕೆ ಬಿತ್ತು ಎಂದು ಪರೀಕ್ಷೆ ಮಾಡುತ್ತೇವೆ. ಹೆಚ್ಚಿನ ಸಭೆಗಳು ಯಾರ ತಪ್ಪು ಎಂಬಲ್ಲೇ ಮುಗಿಯುತ್ತವೆ, ಏನು ಬದಲಾಯಿಸಬೇಕು ಎಂಬಲ್ಲಿಗೆ ಹೋಗುವುದೇ ಕಡಿಮೆ. ಹೆಲ್ಸಿಂಕಿಯ ನಂತರ ಬದಲಾವಣೆ ಆಯಿತು. ಬೂಟು ಕಡ್ಡಾಯವಾಯಿತು. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ಚೆಂಡಿನ ಮಿಡಿತ ತಿಳಿದವರಿಗೆ ಬೂಟು ಹಾಕಿಕೊಂಡು ಆಡುವುದೆಂದರೆ ಕೈಗೆ ಗ್ಲೌಸ್ ಹಾಕಿಕೊಂಡು ಅಕ್ಷರ ಬರೆದ ಹಾಗೆ. ಮೊದಲಿನಿಂದ ತಿದ್ದಬೇಕು. ಆಟದ ರಚನೆಯನ್ನೂ ರಹೀಂ ಬದಲಾಯಿಸತೊಡಗಿದರು. 1953ರಲ್ಲಿ ಹಂಗೇರಿಯವರು ಲಂಡನ್ನಿನ ವೆಂಬ್ಲಿಯಲ್ಲೇ ಇಂಗ್ಲೆಂಡನ್ನು 6-3ರಿಂದ ಮಣಿಸಿದಾಗ, ಮುಂದೆ ನಿಲ್ಲಬೇಕಾದ ಸೆಂಟರ್ ಫಾರ್ವರ್ಡ್ ಹಿಂದಕ್ಕೆ ಸರಿದು ಆಡಿದ್ದು ಜಗತ್ತಿಗೆ ಪಾಠವಾಗಿತ್ತು. ಅವನನ್ನು ಕಾಯಬೇಕಾದ ಎದುರಾಳಿ ತನ್ನ ಜಾಗ ಬಿಟ್ಟು ಮುಂದೆ ಬಂದರೆ ಹಿಂದೆ ಬಾಗಿಲು ತೆರೆದಂತೆ, ಬಾರದಿದ್ದರೆ ಇವನಿಗೆ ತಡೆಯುವವರಿಲ್ಲ. ಈ ಪಾಠ ಓದಿಕೊಂಡವರಲ್ಲಿ ರಹೀಂ ಒಬ್ಬರು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದ ಮೇಲೆ ಎಲ್ಲರ ಬಾಯಲ್ಲಿ ಬಂದ 4-2-4 ರಚನೆಯ ದಿಕ್ಕಿನಲ್ಲಿ ಅವರು ಅದಕ್ಕೂ ಮುಂಚೆಯೇ ಯೋಚಿಸುತ್ತಿದ್ದರೆಂದು ಅವರ ಶಿಷ್ಯರು ಹೇಳುತ್ತಾ ಬಂದಿದ್ದಾರೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್ ಆ ನಾಲ್ಕು ವರ್ಷದ ಪರೀಕ್ಷೆ. ಹಂಗೇರಿ ಬಾರದ್ದರಿಂದ ಮೊದಲ ಸುತ್ತು ಆಡದೇ ದಾಟಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್ ಅವರು. ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ಭಾರತ. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಅರ್ಧ ಸಮಯಕ್ಕೆ ಗೋಲಿಲ್ಲ. ಆಮೇಲೆ ಮೊದಲು ಗೋಲು ಹೊಡೆದದ್ದೂ ನಾವೇ, ನೆವಿಲ್ ಅವರೇ. ಕೊನೆಗೆ 1-4ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 0-3. ನಾಲ್ಕನೇ ಸ್ಥಾನ. ಬೆಂಗಳೂರಿನ ಕೆಂಪಯ್ಯ ಈ ತಂಡದ ಹಾಫ್‌ಬ್ಯಾಕ್. ಗ್ರಾಮಾಂತರ ಜಿಲ್ಲೆಯ ನಮ್ಮಂಥವರಿಗೆ ಮನೆಯ ಹೆಸರಿನ ಹಾಗೆ ಕೇಳುವ ಕೆಂಪಯ್ಯ ಎಂಬ ಹೆಸರು ಒಲಿಂಪಿಕ್ ದಾಖಲೆಯಲ್ಲಿ ಎರಡು ಸಲ ಇದೆ, ಮೆಲ್ಬರ್ನ್‌ನಲ್ಲಿ ಒಮ್ಮೆ, ರೋಮ್‌ನಲ್ಲಿ ಒಮ್ಮೆ. ಎಷ್ಟು ಜನರಿಗೆ ಗೊತ್ತು?

1960ರ ರೋಮ್ ಒಲಿಂಪಿಕ್ಸಿನಲ್ಲಿ ಗುಂಪು ಕಷ್ಟದ್ದಿತ್ತು. ಹಂಗೇರಿ ಎದುರು 1-2, ಪೆರು ಎದುರು 1-3. ನಡುವೆ ಫ್ರಾನ್ಸ್ ಜೊತೆ 1-1. ನಾಯಕ ಪಿ.ಕೆ. ಬ್ಯಾನರ್ಜಿ ಹೊಡೆದ ಗೋಲಿನಿಂದ ಮುಂದಿದ್ದೆವು, ಕೊನೆಯ ಹತ್ತು ನಿಮಿಷದೊಳಗೆ ಫ್ರಾನ್ಸ್ ಸಮ ಮಾಡಿಕೊಂಡಿತು. ಈ ಸಲದ ತಂಡದ ಪಟ್ಟಿಯಲ್ಲಿ ಒಂದು ಹೆಸರು ಎಸ್.ಎಸ್. ಹಕೀಮ್. ರಹೀಂ ಅವರ ಮಗ. ಹಕೀಮ್ ರೋಮ್‌ವರೆಗೆ ಹೋದರು, ಆದರೆ ಒಂದು ಪಂದ್ಯವನ್ನೂ ಆಡಲಿಲ್ಲ. ಆಡಿಸುವ ಅಧಿಕಾರ ಅಪ್ಪನ ಕೈಯಲ್ಲೇ ಇತ್ತು. ಆ ಮನೆಯಲ್ಲಿ ಊಟಕ್ಕೆ ಕೂತಾಗ ಏನು ಮಾತಾಗುತ್ತಿತ್ತೋ. ಅಪ್ಪನೇ ಮೇಷ್ಟ್ರಾಗಿದ್ದ ಶಾಲೆಯಲ್ಲಿ ಓದಿದವರು ಊಹಿಸಬಲ್ಲರು.

ಇನ್ನು ಗೋಲ್‌ಕೀಪರ್ ವಿಷಯ. ರಹೀಂ ಆರಿಸಿ ನಿಲ್ಲಿಸಿದವರಲ್ಲಿ ಪೀಟರ್ ತಂಗರಾಜ್ ಹೆಸರನ್ನು ಬಿಟ್ಟು ಈ ಕಥೆ ಹೇಳುವಂತಿಲ್ಲ. ಅವರೂ ಹೈದರಾಬಾದಿನವರೇ. ಸೈನ್ಯ ಸೇರಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡಕ್ಕೆ ಆಡಿದರು. ಮೊದಲು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಆಗಿದ್ದವರು ಆಮೇಲೆ ಗೋಲು ಕಾಯುವವರಾದರು. ಆರಡಿ ಮೀರಿದ ಆಳು. ಎತ್ತರದಲ್ಲಿ ತೇಲಿ ಬರುವ ಚೆಂಡನ್ನು ಗುಂಪಿನ ತಲೆಗಳ ಮೇಲಿನಿಂದ ಮಾವಿನಕಾಯಿ ಕಿತ್ತ ಹಾಗೆ ಕಿತ್ತುಕೊಳ್ಳುತ್ತಿದ್ದರಂತೆ. 1955ರಲ್ಲೂ 1958ರಲ್ಲೂ ಅವರ ರೆಜಿಮೆಂಟಿಗೆ ಡ್ಯುರಾಂಡ್ ಕಪ್ ಬಂತು. 1967ರಲ್ಲಿ ಅರ್ಜುನ ಪ್ರಶಸ್ತಿ. ಆಟ ಬಿಟ್ಟ ಮೇಲೆ ಬೊಕಾರೊ ಉಕ್ಕು ಕಾರ್ಖಾನೆಯಲ್ಲಿ ಹುಡುಗರಿಗೆ ಕಲಿಸುತ್ತಾ 2008ರಲ್ಲಿ ತೀರಿಕೊಂಡರು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಅಜಯ್ ದೇವಗನ್ ನಟಿಸಿದ ಮೈದಾನ್ ಸಿನಿಮಾ 2024ರಲ್ಲಿ ಬಂದ ಮೇಲೆ ಈ ಭಾಗ ಹೆಚ್ಚಿನವರಿಗೆ ತಿಳಿದಿದೆ. ಸಿನಿಮಾದವರು ಉಪ್ಪು ಖಾರ ಸೇರಿಸುವುದು ಸಹಜ. ಆದರೆ ಇಲ್ಲಿ ನಡೆದ ಸಂಗತಿಗೇ ಸಾಕಷ್ಟು ಖಾರ ಇತ್ತು.

ಆತಿಥೇಯ ಇಂಡೊನೇಷ್ಯಾ ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಒಳಗೆ ಬಿಡಲಿಲ್ಲ. ಕೂಟದ ಹೆಸರಿನ ಬಗ್ಗೆಯೇ ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದರು. ಜಕಾರ್ತದ ಜನ ಕೆರಳಿದರು. ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಮೈದಾನದಲ್ಲಿ ಭಾರತದ ಹೆಸರು ಕೇಳಿದರೆ ಕೂಗಾಟ. ಸೋಂಧಿ ಅವರ ಮಾತು ಸರಿಯೋ ತಪ್ಪೋ ಬೇರೆ ವಿಷಯ, ಅದರ ಬೆಲೆ ತೆತ್ತವರು ಆಟದ ಹುಡುಗರು.

ಆಟದ ಆರಂಭವೂ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಆಮೇಲೆ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ಯಿಂದ ಸೋಲಿಸಿ ಮುಂದೆ ಬಂದರು. ಆದರೆ ಅಷ್ಟರಲ್ಲಿ ಹಿಂದಿನ ಸಾಲಿನ ಗೋಡೆ ಎನಿಸಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ತಲೆ ಕೊಟ್ಟು ಚೆಂಡು ತಡೆಯಬೇಕಾದ ಡಿಫೆಂಡರ್ ಆಗಿ ಅವರನ್ನು ನಿಲ್ಲಿಸುವಂತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ರಹೀಂ ಅವರನ್ನು ಸೆಮಿಫೈನಲ್‌ಗೆ ಮುಂದಿನ ಸಾಲಿಗೆ ಕಳಿಸಿದರು, ಸೆಂಟರ್ ಫಾರ್ವರ್ಡ್ ಮಾಡಿ! ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂದೆ ಆಡಿದವರು ಎಂಬುದು ಮೇಷ್ಟ್ರ ನೆನಪಿನಲ್ಲಿತ್ತು. ದಕ್ಷಿಣ ವಿಯೆಟ್ನಾಂ ಎದುರು 3-2 ಗೆಲುವು. ನಾಯಕ ಚುನಿ ಗೋಸ್ವಾಮಿ ಎರಡು ಗೋಲು, ಜರ್ನೈಲ್ ಒಂದು.

ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯಾ. ಇಲ್ಲಿ ರಹೀಂ ಇನ್ನೊಂದು ತೀರ್ಮಾನ ತೆಗೆದುಕೊಳ್ಳಬೇಕಿತ್ತು. ತಂಗರಾಜ್ ಜ್ವರದಿಂದ ಮಲಗಿದ್ದರು. ಅವರ ಬದಲು ಪ್ರದ್ಯುತ್ ಬರ್ಮನ್ ಗೋಲು ಕಾಯುತ್ತಿದ್ದರು, ತಂಡ ಗೆಲ್ಲುತ್ತಲೂ ಇತ್ತು. ಗೆಲ್ಲುತ್ತಿರುವ ತಂಡದ ಗೋಲ್‌ಕೀಪರನ್ನು ಫೈನಲ್ ದಿನ ಬದಲಾಯಿಸುವುದು ಎಂದರೆ ಸೋತರೆ ಇಡೀ ದೇಶದ ಬೈಗುಳಕ್ಕೆ ತಲೆ ಕೊಟ್ಟಂತೆ. ಮುಂದಿನ ಸಾಲಿನವನು ಹತ್ತು ತಪ್ಪು ಮಾಡಿ ಒಂದು ಗೋಲು ಹೊಡೆದರೆ ವೀರ, ಗೋಲ್‌ಕೀಪರ್ ಹತ್ತು ಹಿಡಿದು ಒಂದು ಬಿಟ್ಟರೆ ಅಪರಾಧಿ. ಆದರೂ ಕೊರಿಯನ್ನರ ಎತ್ತರದ ಚೆಂಡುಗಳಿಗೆ ತಂಗರಾಜರ ನಿಲುವು ಬೇಕೆಂದು ರಹೀಂ ಅವರನ್ನೇ ನಿಲ್ಲಿಸಿದರು. ಬರ್ಮನ್‌ಗೆ ಇದು ಎಷ್ಟು ನೋವಾಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮೇಷ್ಟ್ರ ಕೆಲಸದಲ್ಲಿ ಇದೂ ಒಂದು ಭಾಗ, ಒಳ್ಳೆಯ ಹುಡುಗನಿಗೆ ಇವತ್ತು ನೀನಲ್ಲ ಎಂದು ಹೇಳುವುದು.

ಹಿಂದಿನ ರಾತ್ರಿ ಆಟಗಾರರಿಗೆ ನಿದ್ದೆ ಹತ್ತದಿದ್ದಾಗ ರಹೀಂ ಅವರನ್ನು ಕರೆದುಕೊಂಡು ನಡೆದಾಡಲು ಹೋದರಂತೆ. ನಾಳೆ ನನಗೊಂದು ಉಡುಗೊರೆ ಬೇಕು, ಆ ಚಿನ್ನ ತಂದುಕೊಡಿ ಎಂದು ಕೇಳಿಕೊಂಡರೆಂದು ಶಿಷ್ಯರು ಮುಂದೆ ನೆನೆದಿದ್ದಾರೆ. ಅವರ ಎದೆಯೊಳಗೆ ಆಗಲೇ ಕ್ಯಾನ್ಸರ್ ಬೆಳೆಯುತ್ತಿತ್ತು.

1962ರ ಸೆಪ್ಟೆಂಬರ್ 4. ಸೆನಾಯನ್ ಮೈದಾನದಲ್ಲಿ ಲಕ್ಷದ ಹತ್ತಿರ ಜನ, ಹೆಚ್ಚುಕಡಿಮೆ ಎಲ್ಲರೂ ಭಾರತದ ವಿರುದ್ಧ. ರಾಷ್ಟ್ರಗೀತೆ ಕೂಡ ಕೂಗಾಟದಲ್ಲಿ ಮುಳುಗಿತು. ಭಾರತಕ್ಕೆ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ಆಟಗಾರರೇ ಹೇಳಿಕೊಂಡಿದ್ದಾರೆ. ಹಾಕಿ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿ ಬಂದವರೇ ಅವರು. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು. 20ನೇ ನಿಮಿಷದಲ್ಲಿ ಜರ್ನೈಲ್ ಸಿಂಗ್, ಹೊಲಿಗೆ ಬಿದ್ದ ತಲೆಯವರು. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಅರುಣ್ ಘೋಷ್ ಮೊದಲಾದವರು ಹಿಂದೆ ನಿಂತು ತಡೆದರು, ತಂಗರಾಜ್ ಹಿಡಿದರು. ಕೊರಿಯಾ ಒಂದು ಗೋಲು ಹಿಂತಿರುಗಿಸಿದ್ದು ಪಂದ್ಯ ಮುಗಿಯಲು ಐದೇ ನಿಮಿಷವಿದ್ದಾಗ. 2-1. ಬೆಂಗಳೂರಿನ ಅರುಮೈನಾಯಗಂ ಈ ಚಿನ್ನದ ತಂಡದಲ್ಲಿದ್ದರು.

ಒಂಬತ್ತು ತಿಂಗಳಾಯಿತು. 1963ರ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ರಹೀಂ ತೀರಿಕೊಂಡರು. ಐವತ್ನಾಲ್ಕು ತುಂಬಿರಲಿಲ್ಲ. ಅವರು ತರಬೇತಿ ಕೊಟ್ಟ ಪಿ.ಕೆ. ಬ್ಯಾನರ್ಜಿ 1961ರಲ್ಲೇ ಅರ್ಜುನ ಪ್ರಶಸ್ತಿ ಪಡೆದಿದ್ದರು. ಕಲಿಸುವ ಗುರುಗಳಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಭಾರತದ ಫುಟ್‌ಬಾಲ್ ತಂಡ 1960ರ ನಂತರ ಒಲಿಂಪಿಕ್ಸ್ ಮುಖ ನೋಡಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1970ರ ಬ್ಯಾಂಕಾಕ್ ಕಂಚೇ ಕೊನೆಯ ಪದಕ. ಒಬ್ಬ ಮೇಷ್ಟ್ರು ಹೋದರೆಂದು ಹೀಗಾಯಿತು ಎನ್ನುವುದು ಅತಿಯಾದ ಮಾತು. ಕೊರಿಯಾ, ಜಪಾನ್ ಹಣ ಸುರಿದು ಮುಂದೆ ಹೋದವು, ನಾವು ನಿಂತಲ್ಲೇ ನಿಂತೆವು. ಆದರೆ ಎಡಗಾಲಿನ ಪಂದ್ಯಾವಳಿ ನಡೆಸುವ ಕಾರ್ಯದರ್ಶಿ ಆಮೇಲೆ ಎಷ್ಟು ಊರಿಗೆ ಸಿಕ್ಕರು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ರೋಮ್‌ನಲ್ಲಿ ಆಡಲು ಸಿಗದ ಮಗ ಹಕೀಮ್ ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫರಿಯಾದರು, ಅಪ್ಪನ ಹಾಗೆಯೇ ತರಬೇತುದಾರರಾದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿ ಅವರ ಜೊತೆ ಭಾರತ ತಂಡವನ್ನು ನೋಡಿಕೊಂಡರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ತಂದೆಯ ಬಗ್ಗೆ ಕೇಳಿ ಬಂದವರಿಗೆಲ್ಲ ಬೇಸರಿಸದೆ ಹೇಳುತ್ತಿದ್ದರು. ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ, 2021ರ ಆಗಸ್ಟ್ 22ರಂದು, 82ನೇ ವಯಸ್ಸಿನಲ್ಲಿ.